ಜಾಲತಾಣದ ಅಕ್ಷರ ಯಾರ ಸೊತ್ತು?

ಕನ್ನಡದಲ್ಲಿ ಪುಸ್ತಕ ವಿಮರ್ಶೆಗೆ ದೊಡ್ಡ ಪರಂಪರೆಯಿದೆ. ನಾಟಕ, ಸಿನಿಮಾ, ಸಂಗೀತ ಕಛೇರಿ, ಕೊನೆಗೆ ಟಿ.ವಿ. ಧಾರಾವಾಹಿಗಳ ಬಗ್ಗೆಯೂ ನಮ್ಮ ಪತ್ರಿಕೆಗಳು ಬರೆಯುತ್ತವೆ. ಆದರೆ ಇಂದು ಕನ್ನಡಿಗರು ದಿನವೂ ಕಣ್ಣಾಡಿಸುವ ಜಾಲತಾಣದ ಪುಟಗಳ ಬಗ್ಗೆ ವಿಮರ್ಶೆ ಎಂಬುದು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ತಾಣ ಚೆನ್ನಾಗಿದೆ ಎನ್ನುತ್ತೇವೆ, ಇಲ್ಲವೇ ಸ್ಲೋ ಇದೆ ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಅದನ್ನು ಯಾವ ಸಾಧನದಿಂದ ಕಟ್ಟಲಾಗಿದೆ, ಅದರೊಳಗಿನ ಕನ್ನಡ ನಿಜವಾಗಿಯೂ ಕನ್ನಡವೇ, ಹತ್ತು ವರ್ಷಗಳ ಮೇಲೂ ಅದು ಓದಲು ಸಿಗುತ್ತದೆಯೇ, ಕಣ್ಣು ಕಾಣದವರ ಪಾಲಿಗೆ ಅದು ಇದೆಯೇ ಇಲ್ಲವೇ ಎಂಬ ಪ್ರಶ್ನೆಗಳನ್ನೆಲ್ಲ ತಂತ್ರಜ್ಞರಿಗೆ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ. ನಮ್ಮ ಪ್ರಕಾರ ಇವು ಓದುಗರೂ ಬರಹಗಾರರೂ ಕೇಳಲೇಬೇಕಾದ ಪ್ರಶ್ನೆಗಳು.

ಒಂದು ಸಣ್ಣ ಉದಾಹರಣೆಯಿಂದ ಆರಂಭಿಸೋಣ. ಹಳೆಯ ನುಡಿ ಫಾಂಟ್‌ನಲ್ಲಿ 'ಕನ್ನಡ' ಎಂದು ಬರೆದಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮೊದಲಿಗೆ ಇಂಗ್ಲಿಷಿನ 'ಪಿ' ಕಾಣುತ್ತದೆ. ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ 'ಎ', ನಂತರ ಜರ್ಮನ್ ಭಾಷೆಯ ಒಂದು ಅಕ್ಷರ, ಕೊನೆಗೆ ಒಂದು 'ಕ್ಯೂ' ಮತ್ತು ಇನ್ನೊಂದು 'ಎ'. ಕಂಪ್ಯೂಟರಿನ ದೃಷ್ಟಿಯಲ್ಲಿ ಆ ಕಡತದಲ್ಲಿ ಇರುವುದು ಇಷ್ಟೇ. ಅಲ್ಲಿ ಕನ್ನಡ ಎಂದೂ ಇರಲಿಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿ ನಮ್ಮ ಕಣ್ಣಿಗೆ ತೋರಿಸಲಾಗುತ್ತಿತ್ತು. ಫಾಂಟ್ ಕಳಚಿತೆಂದರೆ ವೇಷವೂ ಕಳಚಿತು. ಇಂಥ ಕಡತಗಳಿಂದ ಕಟ್ಟಿದ ಜಾಲತಾಣದಲ್ಲಿ ಗೂಗಲ್‌ನಂತಹ ಶೋಧಯಂತ್ರಕ್ಕೆ ಒಂದು ಕನ್ನಡ ಪದವೂ ಸಿಗುವುದಿಲ್ಲ. ಸಾವಿರ ಪುಟಗಳ ಸಾಹಿತ್ಯವನ್ನು ಅಲ್ಲಿ ಇಟ್ಟರೂ ಅದು ಹುಡುಕುವವರ ಪಾಲಿಗೆ ಇಲ್ಲದ ಹಾಗೆ.

ಹಾಗೆಂದು ಆ ಕಾಲದವರನ್ನು ದೂರುವುದು ನ್ಯಾಯವಲ್ಲ. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಒಂದು ಸಾಹಸವಾಗಿತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಅವರಿಂದ ಬಂದ 'ಬರಹ', ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ 'ನುಡಿ' ಇವೆಲ್ಲ ಇಲ್ಲದಿದ್ದರೆ ಒಂದು ತಲೆಮಾರಿನ ಕನ್ನಡ ಬರವಣಿಗೆ ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ. 1996ರಲ್ಲಿ ಯು.ಬಿ. ಪವನಜ ಅವರು 'ವಿಶ್ವ ಕನ್ನಡ'ವನ್ನು ಅಂತರ್ಜಾಲದಲ್ಲಿ ಹೊರತಂದಾಗ ವಿಂಡೋಸಿಗೆ ಕನ್ನಡ ಗೊತ್ತೇ ಇರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರಂತಹ ಲೇಖಕರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಸಾಹಿತ್ಯದ ಪ್ರಶ್ನೆಯಷ್ಟೇ ಗಂಭೀರವಾಗಿ ಎತ್ತಿಕೊಂಡದ್ದು ಈ ಹಿನ್ನೆಲೆಯಲ್ಲಿಯೇ.

ನಮ್ಮ ತಕರಾರು ಇರುವುದು ಅದರ ಮುಂದಿನ ಕಾಲದ ಬಗ್ಗೆ. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆ ನೀಡುವ ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಯುನಿಕೋಡ್ ಫಾಂಟ್ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ 'ಸಂಪದ' ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ, ಯುನಿಕೋಡ್ ಕನ್ನಡದಲ್ಲಿ, ನೂರಾರು ಹೊಸ ಬರಹಗಾರರನ್ನು ಒಂದೆಡೆ ಸೇರಿಸಿತು. ದಾರಿ ತೆರೆದಿತ್ತು. ಆದರೂ ಅನೇಕ ಪತ್ರಿಕೆಗಳು, ಸಂಸ್ಥೆಗಳು, ಸರ್ಕಾರಿ ಕಚೇರಿಗಳು ಎಷ್ಟೋ ವರ್ಷ ತಮ್ಮ ತಮ್ಮ ಖಾಸಗಿ ಫಾಂಟ್‌ಗಳಿಗೇ ಅಂಟಿಕೊಂಡವು. ನಮ್ಮ ತಾಣ ಓದಬೇಕಾದರೆ ಮೊದಲು ಈ ಫಾಂಟ್ ಇಳಿಸಿಕೊಳ್ಳಿ ಎಂಬ ಸೂಚನೆ ಮುಖಪುಟದಲ್ಲಿ ಇರುತ್ತಿತ್ತು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫಾಂಟನ್ನು ಪುಟದ ಜೊತೆಗೇ ಕಳುಹಿಸುವ ಮೈಕ್ರೋಸಾಫ್ಟ್‌ನ 'ವೆಫ್ಟ್' ಎಂಬ ಸಾಧನವನ್ನು ಬಳಸಿದರು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಬೇರೆ ಬ್ರೌಸರ್ ಬಳಸುವವರು, ಲಿನಕ್ಸ್ ಬಳಸುವವರು ಆ ಪುಟದಲ್ಲಿ ನೋಡುತ್ತಿದ್ದುದು ಮೇಲೆ ಹೇಳಿದ ಪೌಂಡ್ ಚಿಹ್ನೆಗಳನ್ನೇ.

ಮುಖಪುಟದ ಕೆಳಗೆ ಇನ್ನೊಂದು ಸಾಲೂ ಇರುತ್ತಿತ್ತು. ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, 800×600 ಅಳತೆಯ ಪರದೆಯಲ್ಲಿ ನೋಡಿದರೆ ಉತ್ತಮ ಎಂದು. ಆಗ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಈ ಕಾದಂಬರಿಯನ್ನು ಇಂಥ ಕಂಪೆನಿಯ ಕನ್ನಡಕ ಹಾಕಿಕೊಂಡು ಓದತಕ್ಕದ್ದು ಎಂದು ಪ್ರಕಾಶಕರು ಬೆನ್ನುಪುಟದಲ್ಲಿ ಅಚ್ಚು ಮಾಡಿದರೆ ನಗುತ್ತಿದ್ದೆವು.

ಈ ಸ್ಥಿತಿ ಬಂದದ್ದು ಹೇಗೆಂದು ಸ್ವಲ್ಪ ನೋಡಬೇಕು. ವೆಬ್ ಹುಟ್ಟಿದ್ದೇ ಮುಕ್ತವಾಗಿ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಅದರ ಪ್ರಸ್ತಾವವನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ವೆಬ್ ತಂತ್ರಾಂಶದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟು ಅದನ್ನು ಸಾರ್ವಜನಿಕರ ಸೊತ್ತಾಗಿ ಮಾಡಿತು. ಮರುವರ್ಷ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್ ಒಕ್ಕೂಟವನ್ನು ಸ್ಥಾಪಿಸಿದರು. ಪುಟದ ರಚನೆಗೆ ಎಚ್‌ಟಿಎಂಎಲ್, ಅಲಂಕಾರಕ್ಕೆ ಸಿಎಸ್‌ಎಸ್ ಎಂಬ ಭಾಷೆಗಳ ನಿಯಮಗಳನ್ನು ಎಲ್ಲರೂ ಒಪ್ಪುವಂತೆ ನಿಗದಿಪಡಿಸುವುದು ಅದರ ಕೆಲಸವಾಗಿತ್ತು. ಈ ನಿಯಮಗಳನ್ನೇ ನಾವು ವೆಬ್ ಶಿಷ್ಟತೆಗಳು ಎನ್ನುವುದು. ಆದರೆ ಅದೇ ದಶಕದಲ್ಲಿ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ನಡುವೆ ಬ್ರೌಸರ್ ಕಾಳಗ ಆರಂಭವಾಯಿತು. ಇಬ್ಬರೂ ನಿಯಮದಲ್ಲಿ ಇಲ್ಲದ ತಮ್ಮದೇ ಸೌಲಭ್ಯಗಳನ್ನು ಸೇರಿಸುತ್ತ ಹೋದರು. ವಿನ್ಯಾಸಕಾರರು ಒಂದೇ ಪುಟವನ್ನು ಎರಡು ಸಲ ಬರೆಯಬೇಕಾಯಿತು. ಇದನ್ನು ಪ್ರತಿಭಟಿಸಿ 1998ರಲ್ಲಿ ಕೆಲವು ವಿನ್ಯಾಸಕಾರರು ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಕೂಟ ಕಟ್ಟಿದರು. ಕಾಳಗದಲ್ಲಿ ಮೈಕ್ರೋಸಾಫ್ಟ್ ಗೆದ್ದಿತು. ಗೆದ್ದ ಮೇಲೆ ನಿದ್ದೆ ಹೋಯಿತು. 2001ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪ್ಲೋರರ್ 6ರ ನಂತರ ಮುಂದಿನ ಆವೃತ್ತಿ ಬರಲು 2006ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸೋತ ನೆಟ್‌ಸ್ಕೇಪ್ 1998ರಲ್ಲಿ ಬಹಿರಂಗಪಡಿಸಿದ್ದ ಮೂಲ ಸಂಕೇತದಿಂದ ಮೊಜಿಲ್ಲಾ ಬೆಳೆದು, 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬಂತು. ಶಿಷ್ಟತೆ ಎಂಬ ಮಾತು ಸಾಮಾನ್ಯ ಬಳಕೆದಾರರ ಕಿವಿಗೆ ಬಿದ್ದದ್ದು ಆಗಲೇ.

ಒಂದೇ ಕಂಪೆನಿಯ ಸಾಧನಕ್ಕೆ ಒಂದು ದೇಶವೇ ಕಟ್ಟುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾಕ್ಕಿಂತ ಒಳ್ಳೆಯ ಪಾಠ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕವು ಬಲವಾದ ಗೂಢಲಿಪಿ ತಂತ್ರವನ್ನು ರಫ್ತು ಮಾಡಲು ಬಿಡುತ್ತಿರಲಿಲ್ಲ. ಕೊರಿಯಾದವರು 'ಸೀಡ್' ಎಂಬ ಸ್ವಂತ ಗೂಢಲಿಪಿಯನ್ನು ರೂಪಿಸಿಕೊಂಡರು. ಸ್ವಾಭಿಮಾನದ ಕೆಲಸವೇ. ಆದರೆ ಅದನ್ನು ಬ್ರೌಸರಿಗೆ ಜೋಡಿಸಲು ಅವರು ಆರಿಸಿಕೊಂಡದ್ದು ಮೈಕ್ರೋಸಾಫ್ಟಿನ ಆಕ್ಟಿವ್‌ಎಕ್ಸ್ ಎಂಬ ತಂತ್ರವನ್ನು. ಹೀಗಾಗಿ ಬ್ಯಾಂಕು, ಅಂಗಡಿ, ಸರ್ಕಾರಿ ಅರ್ಜಿ ಎಲ್ಲದಕ್ಕೂ ವಿಂಡೋಸ್ ಮತ್ತು ಎಕ್ಸ್‌ಪ್ಲೋರರ್ ಕಡ್ಡಾಯವಾದವು. ಮ್ಯಾಕ್ ಅಥವಾ ಲಿನಕ್ಸ್ ಬಳಸುವ ಕೊರಿಯನ್ನರು ತಮ್ಮದೇ ದೇಶದಲ್ಲಿ ವಿದ್ಯುನ್ಮಾನ ಅನಿವಾಸಿಗಳಾದರು. ಕೊರಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಕಿಮ್ ಕೀ-ಚಾಂಗ್ ನ್ಯಾಯಾಲಯದ ಮೆಟ್ಟಿಲೇರಿದರು, ಸೋತರು. ಆ ಕಡ್ಡಾಯ ಪ್ರಮಾಣಪತ್ರದ ವ್ಯವಸ್ಥೆ ಕಾನೂನಿನಿಂದ ತೊಲಗಿದ್ದು 2020ರ ಡಿಸೆಂಬರ್‌ನಲ್ಲಿ, ಅಂದರೆ ಇಪ್ಪತ್ತು ವರ್ಷಗಳ ಮೇಲೆ. ಎಕ್ಸ್‌ಪ್ಲೋರರನ್ನು ಅದನ್ನು ಹುಟ್ಟಿಸಿದವರೇ 2022ರ ಜೂನ್ 15ರಂದು ನಿವೃತ್ತಿಗೊಳಿಸಿದರು.

ಸರಿ, ಶಿಷ್ಟತೆ ಪಾಲಿಸಿದರೆ ಓದುಗನಿಗೆ ಸಿಗುವುದೇನು? ಪತ್ರಿಕೆಯ ಪುಟ ಕಟ್ಟುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಶೀರ್ಷಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯುವುದು ಬೇರೆ, ಇದು ಶೀರ್ಷಿಕೆ ಎಂದು ಯಂತ್ರಕ್ಕೆ ತಿಳಿಸುವುದು ಬೇರೆ. ಕಣ್ಣಿರುವವರಿಗೆ ಎರಡೂ ಒಂದೇ ರೀತಿ ಕಾಣುತ್ತದೆ. ಕಣ್ಣು ಕಾಣದವರು ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಅದು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಲ್ಲದು, ಅದು ಶೀರ್ಷಿಕೆ ಎಂದು ಗುರುತಿಸಿದ್ದರೆ ಮಾತ್ರ. ದಪ್ಪ ಅಕ್ಷರ ಮಾತ್ರ ಇದ್ದರೆ ಅವರು ಇಡೀ ಪುಟವನ್ನು ತಲೆಯಿಂದ ಬುಡದವರೆಗೆ ಕೇಳುತ್ತ ಕೂರಬೇಕು. ಅದೇ ರೀತಿ, ಇದು ಕನ್ನಡ ಪುಟ ಎಂದು ಸಂಕೇತದಲ್ಲಿ ಒಂದು ಮಾತು ಬರೆದಿದ್ದರೆ ಆ ತಂತ್ರಾಂಶ ಕನ್ನಡದ ದನಿಯನ್ನು ಆರಿಸಿಕೊಳ್ಳಬಲ್ಲದು. ಚಿತ್ರದ ಜೊತೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆದಿದ್ದರೆ ಅದನ್ನೂ ಓದಿ ಹೇಳುತ್ತದೆ. ಇವಕ್ಕೆಲ್ಲ ಹಣ ಬೇಕಾಗಿಲ್ಲ, ಕೊಂಚ ಶ್ರದ್ಧೆ ಬೇಕು.

ಎನ್‌ವಿಡಿಎ ಎಂಬ ಪರದೆ ಓದುಗ ತಂತ್ರಾಂಶದ ಕತೆ ಇಲ್ಲಿ ಹೇಳತಕ್ಕದ್ದು. ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಆಸ್ಟ್ರೇಲಿಯದ ಅಂಧ ಯುವಕರು 2006ರಲ್ಲಿ ಇದರ ಕೆಲಸ ಆರಂಭಿಸಿದರು. ಆಗ ಇದ್ದ ಇಂಥ ತಂತ್ರಾಂಶಗಳ ಬೆಲೆ ಕೆಲವೊಮ್ಮೆ ಕಂಪ್ಯೂಟರಿನ ಬೆಲೆಯನ್ನೂ ಮೀರುತ್ತಿತ್ತು. ಇವರು ಬರೆದದ್ದನ್ನು ಉಚಿತವಾಗಿ, ಮೂಲ ಸಂಕೇತದ ಸಮೇತ ಎಲ್ಲರಿಗೂ ಕೊಟ್ಟರು. ಇಸ್ಪೀಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಅದಕ್ಕೆ ದನಿ ಕೊಡುತ್ತದೆ. ಅದಕ್ಕೆ ಕನ್ನಡ ಓದಲೂ ಬರುತ್ತದೆ. ದನಿ ಒರಟು, ಉಚ್ಚಾರಣೆ ಯಾಂತ್ರಿಕ, ನಿಜ. ಆದರೆ ಯಾರ ಸಹಾಯವೂ ಇಲ್ಲದೆ ಕನ್ನಡ ಪುಟವನ್ನು ತಾನೇ ಓದಿಕೊಳ್ಳುವ ಸಾಧ್ಯತೆ ಒಬ್ಬ ಅಂಧ ವಿದ್ಯಾರ್ಥಿಗೆ ಇದರಿಂದ ದೊರೆತಿದೆ. ಈಗ ಆ ವಿದ್ಯಾರ್ಥಿ ನುಡಿ ಫಾಂಟಿನ ಹಳೆಯ ಪುಟವೊಂದನ್ನು ತೆರೆದರೆ ಏನು ಕೇಳಿಸುತ್ತದೆ ಎಂದು ಊಹಿಸಿಕೊಳ್ಳಿ. ಸರ್ಕಾರಿ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದರೆ ಅಷ್ಟೂ ಕೇಳಿಸುವುದಿಲ್ಲ, ಬರಿ ಮೌನ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷಕ್ಕೂ ಹೆಚ್ಚು.

ಕಾಗದದ ಮೇಲೆ ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಸರ್ಕಾರಿ ತಾಣಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ. ಇ-ಆಡಳಿತದಲ್ಲಿ ಮುಕ್ತ ಶಿಷ್ಟತೆಗಳ ನೀತಿ 2010ರಲ್ಲಿ, ಮುಕ್ತ ತಂತ್ರಾಂಶ ಬಳಸುವ ನೀತಿ 2015ರಲ್ಲಿ ಬಂದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸೇವೆಗಳು ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ. 2024ರ ನವೆಂಬರ್‌ನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಟುಕುವಿಕೆಯ ನಿಯಮಗಳನ್ನು ಬರಿ ಶಿಫಾರಸಿನಂತೆ ಬರೆದದ್ದು ಕಾಯ್ದೆಗೇ ವಿರುದ್ಧ, ಅವು ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳಿಗೆ ಪ್ರವೇಶ ಎಂಬುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೇ ಹೇಳಿತು. ಮುಖಕ್ಕೆ ಆಸಿಡ್ ದಾಳಿಯಾದ ಮಹಿಳೆಯೊಬ್ಬರನ್ನು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತೋರಿಸಿ ಎಂದು ಬ್ಯಾಂಕು ಕೇಳುವ ವ್ಯವಸ್ಥೆಯ ವಿರುದ್ಧ ಬಂದ ಅರ್ಜಿ ಅದು. ಇಷ್ಟೆಲ್ಲ ಇದ್ದೂ ಪರಿಸ್ಥಿತಿ ಹೇಗಿದೆ? ನಮ್ಮಲ್ಲಿ ಮಾತ್ರವಲ್ಲ, ಜಗತ್ತಿನಲ್ಲೇ ಹೀಗೆ. ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ತಾಣಗಳ ಮುಖಪುಟವನ್ನು ಪರೀಕ್ಷಿಸುತ್ತದೆ. 2025ರಲ್ಲಿ ಅವುಗಳಲ್ಲಿ ಶೇ. 94.8ರಷ್ಟು ಪುಟಗಳಲ್ಲಿ ಎಟುಕುವಿಕೆಯ ನಿಯಮದ ಉಲ್ಲಂಘನೆ ಸಿಕ್ಕಿತು. ಅದೂ ಯಂತ್ರವೇ ಹಿಡಿಯಬಲ್ಲ ತಪ್ಪುಗಳು ಮಾತ್ರ.

ಅಕ್ಷರದ ಈ ಕತೆಯಲ್ಲಿ ಉರ್ದುವಿನ ಪಾಡು ಕನ್ನಡಕ್ಕಿಂತ ಕಠಿಣವಾಗಿತ್ತು. ನಸ್ತಾಲೀಖ್ ಶೈಲಿಯಲ್ಲಿ ಅಕ್ಷರಗಳು ಸಾಲಿನ ಮೇಲಿಂದ ಕೆಳಕ್ಕೆ ಇಳಿಜಾರಾಗಿ ಬರುತ್ತವೆ, ಒಂದಕ್ಕೊಂದು ಕೂಡಿಕೊಂಡಾಗ ಆಕಾರ ಬದಲಿಸುತ್ತವೆ. ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಿಗಾರರು ಸಾವಿರಾರು ಅಕ್ಷರಗುಚ್ಛಗಳನ್ನು ಕೈಯಾರೆ ಬರೆದು 1981ರ ಹೊತ್ತಿಗೆ ನೂರಿ ನಸ್ತಾಲೀಖನ್ನು ಸಾಧ್ಯವಾಗಿಸಿದರು. 1994ರಲ್ಲಿ ದಿಲ್ಲಿಯಿಂದ ಇನ್‌ಪೇಜ್ ತಂತ್ರಾಂಶ ಬಂದು ಉರ್ದು ಮುದ್ರಣವನ್ನು ಬದಲಿಸಿತು. ಆದರೆ ಅದರ ಕಡತವನ್ನು ಅದರಲ್ಲೇ ತೆರೆಯಬೇಕು. ಜಾಲತಾಣಕ್ಕೆ ಹಾಕುವಾಗ ಉರ್ದು ಪತ್ರಿಕೆಗಳು ಪುಟಗಳನ್ನು ಚಿತ್ರಗಳಾಗಿ ಕತ್ತರಿಸಿ ಅಂಟಿಸಿದವು. ನೋಡಲು ಸುಂದರ, ಹುಡುಕಲು ಶೂನ್ಯ. ಎಷ್ಟು ವರ್ಷಗಳ ಸಂಪಾದಕೀಯಗಳು, ಗಜಲುಗಳು, ನಿಧನ ವಾರ್ತೆಗಳು ಹೀಗೆ ಚಿತ್ರಗಳೊಳಗೆ ಹೂತುಹೋದವು!

ಈಗ ಈ ಕಷ್ಟವನ್ನು ಬಹುಮಟ್ಟಿಗೆ ಕಳೆದಿರುವುದು ಮುಕ್ತ ತಂತ್ರಾಂಶವೇ. ಕನ್ನಡದ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರಬೇಕಾದರೆ, ಉರ್ದುವಿನ ಅಕ್ಷರ ಪಕ್ಕದ ಅಕ್ಷರಕ್ಕೆ ಕೂಡಿಕೊಳ್ಳಬೇಕಾದರೆ ಫಾಂಟ್ ಒಂದೇ ಸಾಲದು, ಆಕಾರ ಜೋಡಿಸುವ ಒಂದು ಯಂತ್ರ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲದರ ಒಳಗೆ ಆ ಕೆಲಸ ಮಾಡುವುದು ಹರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್ ಅದನ್ನು ಮುನ್ನಡೆಸಿದವರು. ಹೆಸರನ್ನು ಗಮನಿಸಿ. ಅರಬಿ ಅಕ್ಷರಮಾಲೆ ಕಲಿತ ನಮ್ಮ ಮದ್ರಸದ ಮಕ್ಕಳಿಗೂ 'ಹರ್ಫ್' ಎಂದರೆ ಅಕ್ಷರ ಎಂದು ಗೊತ್ತು. 'ಬಾಜ್' ಎಂದರೆ ಫಾರ್ಸಿಯಲ್ಲಿ ತೆರೆದದ್ದು. ಕನ್ನಡಿಗರು ಫೋನಿನಲ್ಲಿ ಓದುವ 'ಕ್ಷ', 'ಜ್ಞ', 'ಸ್ತ್ರೀ'ಗಳನ್ನು ಬಹುಪಾಲು ಜೋಡಿಸಿಕೊಡುತ್ತಿರುವುದು ಫಾರ್ಸಿ ಹೆಸರಿನ ಈ ತೆರೆದ ಅಕ್ಷರ ಎಂಬುದು ಎಷ್ಟು ಜನರಿಗೆ ತಿಳಿದಿದೆಯೋ! ನೋಟೋ ನಸ್ತಾಲೀಖ್ ಫಾಂಟ್ ಬಂದ ಮೇಲೆ ಉರ್ದು ಬರಹವನ್ನು ಬರಹವಾಗಿಯೇ ಪುಟಕ್ಕೆ ಹಾಕಬಹುದು. ಕುರ್‌ಆನ್ ಪಠ್ಯದ ವಿಷಯದಲ್ಲಂತೂ ಒಂದು ಸ್ವರಚಿಹ್ನೆ ತಪ್ಪಿದರೂ ಸಹಿಸಲಾಗದು. 2007ರಲ್ಲಿ ಆರಂಭವಾದ ತನ್ಝೀಲ್ ಯೋಜನೆ ಪರಿಶೀಲಿಸಿದ ಯುನಿಕೋಡ್ ಪಠ್ಯವನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಬಳಸಿ, ಬದಲಿಸಬೇಡಿ ಎಂಬ ಷರತ್ತಿನೊಂದಿಗೆ ಬಿಟ್ಟುಕೊಟ್ಟಿತು. ಇಷ್ಟಿದ್ದೂ ಕನ್ನಡ ಪುಟದ ನಡುವೆ ಅರಬಿ ಅಥವಾ ಉರ್ದು ಸಾಲು ಉದ್ಧರಿಸುವ ಅನೇಕ ತಾಣಗಳಲ್ಲಿ ಪೂರ್ಣವಿರಾಮ ಸಾಲಿನ ತಪ್ಪು ತುದಿಗೆ ಹೋಗಿ ಕೂರುವುದನ್ನು, ಆವರಣ ಚಿಹ್ನೆಗಳು ತಿರುಗಿಕೊಳ್ಳುವುದನ್ನು ನಾವು ಕಾಣುತ್ತೇವೆ. ಈ ಸಾಲು ಬಲದಿಂದ ಎಡಕ್ಕೆ ಎಂದು ಸಂಕೇತದಲ್ಲಿ ಒಂದೇ ಒಂದು ಮಾತು ಬರೆಯದಿರುವುದೇ ಇದಕ್ಕೆ ಕಾರಣ.

ಇನ್ನು ವಿನ್ಯಾಸದ ಸಾಧನಗಳ ವಿಚಾರ. ನಮ್ಮ ಸಣ್ಣ ಊರುಗಳಲ್ಲಿ ವೆಬ್ ವಿನ್ಯಾಸ ಎಂಬುದು ಬೆಳೆದದ್ದು ನಕಲು ಸಿ.ಡಿ.ಗಳ ಮೇಲೆ. ಫೋಟೋಶಾಪ್, ಡ್ರೀಮ್‌ವೀವರ್, ಫ್ಲ್ಯಾಶ್ ಎಲ್ಲವೂ ನೂರು ರೂಪಾಯಿಗೆ. ಪ್ರಾಮಾಣಿಕತೆಯ ಬಗ್ಗೆ ಪುಟಗಟ್ಟಲೆ ಬರೆಯುವ ಸಂಸ್ಥೆಯ ತಾಣವೂ ಕದ್ದ ತಂತ್ರಾಂಶದಿಂದಲೇ ತಯಾರಾಗಿರುತ್ತಿತ್ತು. ಇದನ್ನು ಯಾರೂ ಕಳವೆಂದು ಭಾವಿಸಿರಲಿಲ್ಲ. ನೈತಿಕ ಪ್ರಶ್ನೆ ಹಾಗಿರಲಿ, ಪ್ರಾಯೋಗಿಕವಾಗಿಯೂ ಇದರ ಬೆಲೆ ತೆತ್ತಿದ್ದೇವೆ. ಫ್ರಂಟ್‌ಪೇಜ್ 2003ರ ಆವೃತ್ತಿಗೇ ನಿಂತಿತು. ಅಡೋಬಿ 2013ರಲ್ಲಿ ತನ್ನ ಸಾಧನಗಳನ್ನು ತಿಂಗಳ ಬಾಡಿಗೆಗೆ ಬದಲಿಸಿತು. ಸಂಕೇತ ಕಲಿಯದೆಯೇ ತಾಣ ಕಟ್ಟಿ ಎಂದು ಅದೇ ಕಂಪೆನಿ ಮಾರಿದ ಮ್ಯೂಸ್‌ಗೆ 2020ರಲ್ಲಿ ಬೆಂಬಲ ನಿಂತಿತು. ಅದೇ ವರ್ಷದ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕೂಡ ಸತ್ತಿತು. ಕಾಲೇಜುಗಳ, ಟ್ರಸ್ಟುಗಳ ಮುಖಪುಟದಲ್ಲಿ ಸಂಗೀತದೊಂದಿಗೆ ಅರಳುತ್ತಿದ್ದ ಆ ಹೂವುಗಳು, ಓಡುತ್ತಿದ್ದ ಅಕ್ಷರಗಳು ಈಗ ಖಾಲಿ ಚೌಕಗಳು.

ಇದಕ್ಕೆ ವಿರುದ್ಧವಾಗಿ ನೋಡಿ. 1995ರಲ್ಲಿ ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಗಿಂಪ್ ಎಂಬ ಚಿತ್ರ ತಂತ್ರಾಂಶದ ಮೂರನೇ ಆವೃತ್ತಿ 2025ರಲ್ಲಿ ಬಂದಿದೆ. ಮೂವತ್ತು ವರ್ಷಗಳ ಮೇಲೂ ಯಾರೂ ಅದರ ಬಾಡಿಗೆ ಕೇಳಿಲ್ಲ. 2003ರ ಇಂಕ್‌ಸ್ಕೇಪ್ ತನ್ನ ಚಿತ್ರಗಳನ್ನು ಎಸ್‌ವಿಜಿ ಎಂಬ ವೆಬ್ ಒಕ್ಕೂಟದ ಶಿಷ್ಟ ರೂಪದಲ್ಲೇ ಉಳಿಸುತ್ತದೆ, ಆದ್ದರಿಂದ ಅದರ ಕಡತವನ್ನು ನೇರವಾಗಿ ಬ್ರೌಸರಿನಲ್ಲಿ ತೆರೆಯಬಹುದು. 2022ರ ಸೆಪ್ಟೆಂಬರ್‌ನಲ್ಲಿ ವಿನ್ಯಾಸಕಾರರ ನೆಚ್ಚಿನ ಫಿಗ್ಮಾವನ್ನು 2000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಅಡೋಬಿ ಘೋಷಿಸಿದಾಗ ಬಹಳ ಜನ ಗಾಬರಿಯಾಗಿ ಸ್ಪೇನಿನ ಪೆನ್‌ಪಾಟ್ ಎಂಬ ಮುಕ್ತ ಸಾಧನದತ್ತ ಹೊರಳಿದರು. ಆ ಖರೀದಿ 2023ರ ಡಿಸೆಂಬರ್‌ನಲ್ಲಿ ಮುರಿದುಬಿತ್ತು. ಆದರೆ ನಮ್ಮ ಕೆಲಸದ ಕಡತಗಳೆಲ್ಲ ಯಾರದೋ ಎರಡು ಕಂಪೆನಿಗಳ ಮಾತುಕತೆಯ ಮೇಲೆ ನಿಂತಿವೆ ಎಂಬ ಅರಿವನ್ನು ಅದು ಬಿಟ್ಟುಹೋಯಿತು.

ಆದರೆ ಮುಕ್ತ ತಂತ್ರಾಂಶದ ಭಕ್ತರಿಗೂ ಎರಡು ಮಾತು ಹೇಳಬೇಕು. ಸಾಧನ ಮುಕ್ತವಾದ ಮಾತ್ರಕ್ಕೆ ಪುಟ ಶಿಷ್ಟವಾಗುವುದಿಲ್ಲ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಇಂದು ಜಗತ್ತಿನ ತಾಣಗಳಲ್ಲಿ ಶೇ. 40ಕ್ಕೂ ಹೆಚ್ಚಿನವುಗಳ ಅಡಿಪಾಯ. ನಮ್ಮ ಶಾಲೆ, ಸಂಘ, ಪತ್ರಿಕೆಗಳ ತಾಣಗಳಲ್ಲೂ ಬಹುಪಾಲು ಅದರದೇ. ಅದರ ಮೇಲೆ ಒಂದು ಥೀಮ್, ಥೀಮಿನ ಮೇಲೆ ಎಳೆದು ಜೋಡಿಸುವ ಪೇಜ್ ಬಿಲ್ಡರ್, ಅದರ ಮೇಲೆ ಇಪ್ಪತ್ತು ಪ್ಲಗಿನ್‌ಗಳು. ಕೊನೆಗೆ ಮೂರು ಪ್ಯಾರಾದ ಒಂದು ಕನ್ನಡ ಲೇಖನ ಹೊತ್ತು ಬರುವ ಭಾರ ನೋಡಿದರೆ ಹಳ್ಳಿಯ ಅಗ್ಗದ ಫೋನು ಉಸಿರುಗಟ್ಟುತ್ತದೆ. ನಸುಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರ ಇಡುವುದು ಈಗಿನ ಫ್ಯಾಷನ್. ಐವತ್ತು ದಾಟಿದ ಓದುಗರು ಅದನ್ನು ಕಣ್ಣು ಕಿರಿದು ಮಾಡಿ ಓದುತ್ತಾರೆ. ಇದು ಮುಕ್ತ ತಂತ್ರಾಂಶದ ತಪ್ಪಲ್ಲ, ಅದನ್ನು ಉಚಿತದ ಅಂಗಡಿ ಎಂದು ತಿಳಿದವರದು. ಇನ್ನು 2024ರಲ್ಲಿ ವರ್ಡ್‌ಪ್ರೆಸ್‌ನ ಸ್ಥಾಪಕ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಕಂಪೆನಿಯ ನಡುವೆ ನಡೆದ ಜಗಳ, ಲಕ್ಷಾಂತರ ತಾಣಗಳು ಬಳಸುವ ಒಂದು ಪ್ಲಗಿನ್ನನ್ನೇ ವಶಪಡಿಸಿಕೊಂಡ ಪ್ರಸಂಗ, ಮುಕ್ತ ಲೋಕದಲ್ಲೂ ಒಡೆಯರಿದ್ದಾರೆ ಎಂಬುದನ್ನು ತೋರಿಸಿತು. ಲೈಸೆನ್ಸ್ ಒಂದಿದೆ ಎಂಬುದಷ್ಟೇ ಸಮಾಧಾನ. ಒಡೆಯ ಹದಗೆಟ್ಟರೆ ಸಂಕೇತವನ್ನು ತೆಗೆದುಕೊಂಡು ಬೇರೆ ಮನೆ ಹೂಡಬಹುದು. ವರ್ಡ್‌ಪ್ರೆಸ್ ತಾನೇ ಹಾಗೆ ಬಿ2 ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬಂದದ್ದು.

ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮ. ಒಪೇರಾ 2013ರಲ್ಲಿ, ಮೈಕ್ರೋಸಾಫ್ಟ್‌ನ ಎಡ್ಜ್ 2020ರಲ್ಲಿ ತಮ್ಮದೇ ಯಂತ್ರಗಳನ್ನು ಬಿಟ್ಟು ಗೂಗಲ್ ಕಟ್ಟಿದ ಕ್ರೋಮಿಯಂಗೆ ಬಂದವು. ಕ್ರೋಮಿಯಂ ಮುಕ್ತ ತಂತ್ರಾಂಶವೇ. ಆದರೆ ಕ್ರೋಮ್‌ನಲ್ಲಿ ಒಮ್ಮೆ ನೋಡಿ ಸರಿ ಕಂಡರೆ ಕೆಲಸ ಮುಗಿಯಿತು ಎನ್ನುವ ವಿನ್ಯಾಸಕಾರ, ಎಕ್ಸ್‌ಪ್ಲೋರರ್ ಕಾಲದ ತನ್ನ ಅಣ್ಣನಿಗಿಂತ ಭಿನ್ನನೇನಲ್ಲ. ಮೂಲ ಸಂಕೇತ ತೆರೆದಿರುವುದೂ ಅಧಿಕಾರ ಹಂಚಿಹೋಗಿರುವುದೂ ಒಂದೇ ಅಲ್ಲ. ನಮ್ಮ ಅಭಿಪ್ರಾಯದಲ್ಲಿ ಶಿಷ್ಟತೆಗೆ ಮೊದಲ ಸ್ಥಾನ, ಸಾಧನಕ್ಕೆ ಎರಡನೆಯದು. ಬರಿ ನೋಟ್‌ಪ್ಯಾಡಿನಲ್ಲಿ ಶುದ್ಧವಾಗಿ ಬರೆದ ಪುಟ ಇಪ್ಪತ್ತು ವರ್ಷಗಳ ಮೇಲೂ ತೆರೆಯುತ್ತದೆ. ಆದರೆ ಬಡ ಸಂಸ್ಥೆಯೊಂದು ಕಳವು ಮಾಡದೆ ಆ ಶಿಷ್ಟತೆಯನ್ನು ತಲುಪಬೇಕಾದರೆ ಮುಕ್ತ ಸಾಧನದ ಹೊರತು ದಾರಿ ಇಲ್ಲ.

ನಮ್ಮ ಸಂಸ್ಥೆಗಳು ತಾಣ ಕಟ್ಟಿಸುವ ರೀತಿಯನ್ನೂ ನೋಡಬೇಕು. ಸಮಿತಿಯ ಸದಸ್ಯರೊಬ್ಬರ ಪರಿಚಯದ ಹುಡುಗ, ಅವನಿಗೊಂದು ಮೊತ್ತ, ಉದ್ಘಾಟನೆಗೆ ಒಬ್ಬ ಶಾಸಕ. ತಾಣದ ಹೆಸರು ನೋಂದಣಿಯಾಗಿರುವುದು ಆ ಹುಡುಗನ ಹೆಸರಿನಲ್ಲಿ, ಪಾಸ್‌ವರ್ಡ್ ಇರುವುದು ಅವನ ಬಳಿ. ಎರಡು ವರ್ಷಕ್ಕೆ ಅವನು ದುಬೈಗೋ ಬೆಂಗಳೂರಿಗೋ ಹೋಗುತ್ತಾನೆ, ತಾಣ ಅವನ ಜೊತೆಗೇ ಹೋಗುತ್ತದೆ. ಹೀಗೆ ಮಾಯವಾದ ತಾಣಗಳನ್ನು ನಾವು ಹಲವು ಕಂಡಿದ್ದೇವೆ. ಒಪ್ಪಂದದಲ್ಲಿ ಹೆಸರು ಸಂಸ್ಥೆಯದಾಗಿರಬೇಕು, ಬರಹ ಯುನಿಕೋಡ್ ಪಠ್ಯವಾಗಿರಬೇಕು, ಎಲ್ಲದರ ಪ್ರತಿ ನಮಗೆ ಸಿಗಬೇಕು ಎಂದು ಮೂರು ಸಾಲು ಬರೆದರೆ ಸಾಕಿತ್ತು. ಹಣ ಕೊಡುವ ಮುನ್ನ ತಾಣವನ್ನು ಫೈರ್‌ಫಾಕ್ಸ್‌ನಲ್ಲಿಯೂ ಒಂದು ಅಗ್ಗದ ಫೋನಿನಲ್ಲಿಯೂ ತೆರೆದು, ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ಕನ್ನಡವಾಗಿಯೇ ಬರುತ್ತದೆಯೇ ಎಂದು ನೋಡಲು ಯಾವ ತಂತ್ರಜ್ಞಾನವೂ ಬೇಡ.

ಅದಕ್ಕಿಂತ ತುರ್ತಾದ ಕೆಲಸವೊಂದಿದೆ. ಕನ್ನಡದ ಸಣ್ಣ ಪತ್ರಿಕೆಗಳ, ಪ್ರಕಾಶನಗಳ ಕಪಾಟಿನಲ್ಲಿ ಪೇಜ್‌ಮೇಕರ್ ಕಡತಗಳು ಸಿ.ಡಿ.ಗಳಲ್ಲಿ ಕೊಳೆಯುತ್ತಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅವುಗಳೊಳಗಿನ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಯುವಕರು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಪರಿವರ್ತನೆ ಅಷ್ಟು ಸಲೀಸಲ್ಲ. 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಹಳೆಯ ಫಾಂಟಿನಲ್ಲಿ 'ಯ'ದ ನಂತರ ಬರುತ್ತದೆ, ಯುನಿಕೋಡಿನಲ್ಲಿ 'ರ' ಮೊದಲು ಬರಬೇಕು. ಇಂಥ ಕಡೆ ತಪ್ಪು ನುಸುಳುತ್ತದೆ, ಕೂತು ತಿದ್ದುವವರು ಬೇಕು. ಒಂದೊಂದು ಪತ್ರಿಕೆ ಒಂದೊಂದು ಫಾಂಟ್ ಬಳಸಿದ್ದರಿಂದ ಯಾವ ಕಡತ ಯಾವ ಫಾಂಟಿನದೆಂದು ಹೇಳಬಲ್ಲವರು ಆಗಿನ ಡಿ.ಟಿ.ಪಿ. ಮಾಡಿದವರೇ. ಅವರಲ್ಲಿ ಹೆಚ್ಚಿನವರು ಈಗ ಬೇರೆ ಕೆಲಸದಲ್ಲಿದ್ದಾರೆ, ಕೆಲವರು ನಿವೃತ್ತರಾಗಿದ್ದಾರೆ. ಅವರನ್ನು ಹುಡುಕಿ ಕರೆದು ಕೂರಿಸಿ, ಸಿ.ಡಿ.ಗಳು ಇನ್ನೂ ಓದುವಂತಿರುವಾಗಲೇ ಈ ಕೆಲಸ ಆರಂಭಿಸಬೇಕು.